ಮಡಿಕೆ ಇಲ್ಲದ ಬಲಮುರಿ

ಸೊಲ್ಲಾಪುರದ ಸಾತಲಿಂಗಪ್ಪನವರ ಪೂಜಾ ಸಾಮಾನಿನ ಅಂಗಡಿಗೆ ಮುಂಬಯಿಯಿಂದ ಒಂದು ಖೋಕೆ, ಮರದ ಪೆಟ್ಟಿಗೆ, ಬಂತು. ಹುಲ್ಲು ಸರಿಸಿದರೆ ಒಳಗೆ ಇಪ್ಪತ್ತು ಬಲಮುರಿ ಶಂಖಗಳು. ಲಕ್ಷದಲ್ಲಿ ಒಂದು ಸಿಗುವುದೂ ಕಷ್ಟ ಎನ್ನುವ ಬಲಮುರಿ ಒಂದೇ ಖೋಕೆಯಲ್ಲಿ ಇಪ್ಪತ್ತು! ಸೊಸೆ ಉಜ್ವಲಾಗೆ ಅಲ್ಲೇ ಅನುಮಾನ ಬಂತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮದುವೆಯಾದಾಗಿನಿಂದ ಮಾವನ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದಳು.

ಒಂದನ್ನು ಎತ್ತಿ ಬಾಯೊಳಗೆ ಬೆರಳು ಹಾಕಿದಳು. ನುಣ್ಣಗಿತ್ತು. ನಮ್ಮ ಕಡಲಿನ ಶಂಖಕ್ಕಾದರೆ ಒಳಗಿನ ಕಂಬದ ಮೇಲೆ ಬೆರಳಿಗೆ ತಾಗುವ ಮೂರೋ ನಾಲ್ಕೋ ಮಡಿಕೆ ಇರುತ್ತವೆ.

"ಮಾವಾರ, ಇದು ಶಂಖ ಅಲ್ಲರಿ. ವೆಲ್ಕ್ ಅಂತಾರ, ಅಮೇರಿಕಾದ ಕಡಲ ದಂಡ್ಯಾಗ ಸಿಗೋ ಬ್ಯಾರೆ ಜಾತಿ. ಈ ಜಾತ್ಯಾಗ ಹೆಚ್ಚುಕಡಿಮಿ ಎಲ್ಲಾವೂ ಹಿಂಗ ತಿರಗಿರತಾವ."

"ಜನ ಭಕ್ತಿಲೆ ಒಯ್ತಾರ, ಜಾತಿ ಕೇಳಂಗಿಲ್ಲ. ಬಲಮುರಿ ಅಂತ ಪಾಟಿ ಬರದು ಹಚ್ಚು."

"ಸುಳ್ಳ ಬರಿಯಂಗಿಲ್ಲರಿ ನಾ."

ಸಾತಲಿಂಗಪ್ಪ ತಾವೇ ಬರೆದು ಹಚ್ಚಿದರು.

ಮಧ್ಯಾಹ್ನ ಭಂಡಾರಕವಠೆಯಿಂದ ಮುಕ್ತಾಬಾಯಿ ಬಂದಳು. ಕುರಿ ಸಾಕುವ ಮನೆತನದ ಹೆಂಗಸು. ಊರಿನ ಬಿರೋಬಾ ಗುಡಿಗೆ ಶಂಖ ಕೊಡಬೇಕೆಂದು ಹೆಂಗಸರೆಲ್ಲ ಸೇರಿ ಅವಳನ್ನು ಕಳಿಸಿದ್ದರು. ಸಾತಲಿಂಗಪ್ಪ ಕೆಂಪು ವಸ್ತ್ರ ಬಿಚ್ಚಿ ಬಲಮುರಿ ತೋರಿಸಿದರು. ಅವಳು ಅದನ್ನು ಎರಡೂ ಕೈಯಿಂದ ಎತ್ತಿ ಹಣೆಗೆ ಒತ್ತಿಕೊಂಡಳು.

ಉಜ್ವಲಾ ಅದನ್ನು ನೋಡಿದಳು. ಈಗ ಬಾಯಿ ಬಿಟ್ಟರೆ ಮನೆಯಲ್ಲಿ ರಂಪ. ಬಿಡದಿದ್ದರೆ ಈ ಹೆಂಗಸಿನ ಮುಖ ದಿನವೂ ಕಣ್ಣೆದುರು ಬರುತ್ತದೆ. ಎದ್ದು ಒಂದು ಸಾದಾ ಶಂಖ ತಂದು ಪಕ್ಕದಲ್ಲಿಟ್ಟಳು.

"ಅವ್ವಾರ, ಎರಡರಾಗೂ ಬೆರಳ ಹಾಕಿ ನೋಡ್ರಿ."

ಕುರಿಯ ಉಣ್ಣೆಯೊಳಗಿನ ಉಣುಗು ಹುಳ ಹುಡುಕಿ ಪಳಗಿದ ಬೆರಳುಗಳು ಅವು. ವ್ಯತ್ಯಾಸ ತಟ್ಟನೆ ತಿಳಿಯಿತು.

"ಉಜ್ವಲಾ, ನೀ ಮನೀಗಿ ನಡಿ," ಎಂದರು ಸಾತಲಿಂಗಪ್ಪ.

"ಹೋಗಂಗಿಲ್ಲರಿ," ಎಂದವಳೇ ಇದ್ದದ್ದೆಲ್ಲ ಹೇಳಿಬಿಟ್ಟಳು.

ಮುಕ್ತಾಬಾಯಿ ಶಂಖವೆಂದುಕೊಂಡಿದ್ದನ್ನು ಕೆಳಗಿಟ್ಟಳು. "ಸಾವಕಾರ್ರ, ನಾ ಆಡ ತಂದು ಕುರಿ ಅಂತ ನಿಮಗ ಮಾರಿದ್ರ ಸುಮ್ನ ಬಿಡತಿದ್ರೇನು?"

"ನಮಗೇನ ಗೊತ್ತವ್ವಾ, ಮುಂಬೈದಾವ್ರು ಹೇಳಿದ್ದು..."

"ನಿಮ್ಮ ಸೊಸಿಗಿ ಗೊತ್ತಿತ್ತಲ್ಲ!"

ಸಾದಾ ಶಂಖವನ್ನೇ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಸಾತಲಿಂಗಪ್ಪ ಸೊಸೆಯತ್ತ ತಿರುಗಿದರು. ನಾಳೆಯಿಂದ ಈ ಅಂಗಡಿಯ ಮೆಟ್ಟಿಲು ಹತ್ತಬೇಡ ಎಂದರು. ಖೋಕೆಯನ್ನು ಅಕ್ಕಲಕೋಟದ ತಮ್ಮ ಇನ್ನೊಂದು ಅಂಗಡಿಗೆ ಕಳಿಸಿದರು. ಅಲ್ಲಿ ಕೂರುವವನು ಮಗ ನಿತಿನ, ಉಜ್ವಲಾಳ ಗಂಡ, ಅಪ್ಪನಿಗೆ ಎದುರಾಡದವನು.

ಮರುದಿನ ಬೆಳಿಗ್ಗೆ ಉಜ್ವಲಾ ಅಕ್ಕಲಕೋಟದ ಬಸ್ಸು ಹತ್ತಿದಳು. ದಾರಿಯಲ್ಲಿ ಕುಂಭಾರಿ ಊರು ದಾಟುವಷ್ಟರಲ್ಲಿ ತೊಡೆಯ ಮೇಲಿನ ರಟ್ಟಿನಲ್ಲಿ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಬರೆದು ಮುಗಿಸಿದ್ದಳು: 'ಇದು ಪೂಜೆಯ ಶಂಖವಲ್ಲ. ಅಮೇರಿಕಾದ ಕಡಲಿನ ವೆಲ್ಕ್ ಚಿಪ್ಪು. ಚಂದಕ್ಕೆ ಇಟ್ಟುಕೊಳ್ಳಬಹುದು.'

ಅಂಗಡಿಯ ಮುಂದೆ ಅದನ್ನು ಕಟ್ಟುವಾಗ ನಿತಿನ ಗಾಬರಿಯಾದ. "ಅಪ್ಪಾ ಬಂದು ಕೇಳಿದ್ರ ಏನ ಹೇಳ್ಲಿ?"

"ಉಜ್ವಲಾ ಕಟ್ಯಾಳ, ಹರದ್ರ ಮತ್ತ ಕಟ್ತಾಳ ಅಂತ ಹೇಳ್ರಿ."

ಸಾತಲಿಂಗಪ್ಪ ಬಂದರು, ಹರಿದರು. ಅವಳು ಮತ್ತೊಂದು ಕಟ್ಟಿದಳು. ಅದನ್ನೂ ಹರಿದರು. ಮೂರನೆಯದನ್ನು ತಗಡಿನ ಮೇಲೆ ಬಣ್ಣದಲ್ಲಿ ಬರೆದು, ಅವರು ನೋಡುತ್ತಿರುವಾಗಲೇ ಮೊಳೆ ಹೊಡೆಯತೊಡಗಿದಳು. ನಿತಿನ ಅಪ್ಪನನ್ನು ನೋಡಿದ, ಆಮೇಲೆ ಎದ್ದು ಬಂದು ತಗಡಿನ ಇನ್ನೊಂದು ತುದಿ ಹಿಡಿದ.

ಅಷ್ಟರಲ್ಲಿ ಊರಿನ ಮಠದ ದರ್ಶನಕ್ಕೆ ಹೊರಟಿದ್ದ ಪುಣೆಯ ದಂಪತಿ ಅಂಗಡಿಯ ಮುಂದೆ ನಿಂತು, ಚಿಪ್ಪೊಂದನ್ನು ತೋರಿಸಿ, ಇದು ಖರೇ ಬಲಮುರಿಯೇ ಎಂದು ಮರಾಠಿಯಲ್ಲಿ ಕೇಳಿದರು. ಸಾತಲಿಂಗಪ್ಪ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಹೆಗಲ ಮೇಲಿನ ಟಾವೆಲ್ ಝಾಡಿಸಿ ಮುಖ ತಿರುಗಿಸಿದರು.

"ನನಗೇನ ಕೇಳತೀರಿ? ಅಕೀಗಿ ಕೇಳ್ರಿ."