ಎದುರು ಕ್ಲಿನಿಕ್ಕಿನ ಡಾಕ್ಟ್ರಮ್ಮ

ಚಿಂತಾಮಣಿಯಲ್ಲಿ ಮಕ್ಕಳ ಡಾಕ್ಟರು ಎಂದರೆ ವೆಂಕಟರವಣಪ್ಪನವರು ಎಂಬ ಮಾತು ಮೊನ್ನೆ ಮೊನ್ನೆಯವರೆಗೂ ನಡೆಯುತ್ತಿತ್ತು. ಕೈವಾರದ ಬಸ್ಸಿಳಿದ ತಾಯಂದಿರು ಯಾರನ್ನೂ ದಾರಿ ಕೇಳುತ್ತಿರಲಿಲ್ಲ. ಎಲ್ಲಿ ಮಕ್ಕಳು ಜೋರಾಗಿ ಅಳುತ್ತವೋ, ಎಲ್ಲಿ ಡಾಕ್ಟರು ಅದಕ್ಕಿಂತ ಜೋರಾಗಿ ಬೈಯುತ್ತಾರೋ, ಅದೇ ಕ್ಲಿನಿಕ್ಕು. ಅವರ ಕೈಲಿ ಬೈಸಿಕೊಂಡರೆ ಅರ್ಧ ಜ್ವರ ಅಲ್ಲೇ ಇಳಿಯುತ್ತದೆ ಎಂದು ಜನ ನಂಬಿದ್ದರು. ಜನ ಹಾಗೆ ನಂಬಿದ್ದಾರೆಂದು ಡಾಕ್ಟರಂತೂ ನಂಬಿದ್ದರು.

ಈಗ ಎದುರಿಗೇ ಗೌರಿಬಿದನೂರಿನ ಪದ್ಮಶ್ರೀ ಬಂದು ಕ್ಲಿನಿಕ್ ತೆರೆದಿದ್ದಾಳೆ. ಅವಳ ಕೈಯಲ್ಲೊಂದು ಮೊಬೈಲು, ಅದರೊಳಗೊಂದು ಆಪ್. ಮಗುವಿನ ಜ್ವರ ಎಷ್ಟಿದೆ, ಹಾಲು ಕುಡಿಯಿತೇ, ಭೇದಿ ನಿಂತಿತೇ ಎಂದು ತಾಯಂದಿರು ಮನೆಯಿಂದಲೇ ತಿಳಿಸುತ್ತಾರೆ; ಬರೆಯಲು ಬಾರದವರು ಬಾಯಲ್ಲೇ ಹೇಳಿ ಕಳಿಸುತ್ತಾರೆ. ಅವಳು ಕೇಳಿಸಿಕೊಂಡು, ನೋಡಲೇಬೇಕಾದ ಮಗುವನ್ನು ಕರೆಸಿಕೊಳ್ಳುತ್ತಾಳೆ, ಉಳಿದವರಿಗೆ ಅಲ್ಲಿಂದಲೇ ಧೈರ್ಯ ಹೇಳುತ್ತಾಳೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಮನೆ ಬಿಟ್ಟು ಕದಲಲಾರದ ಹೆಂಗಸರಿಗೆ ಇದಕ್ಕಿಂತ ಇನ್ನೇನು ಬೇಕು?

ವೆಂಕಟರವಣಪ್ಪನವರಿಗೆ ಹೊಟ್ಟೆ ಉರಿಯಿತು. ಎದುರು ಬಾಗಿಲು ಕಾಣುವ ಹಾಗೆ ತಮ್ಮ ಕುರ್ಚಿಯನ್ನು ತಿರುಗಿಸಿಕೊಂಡರು. ಅಲ್ಲಿಗೆ ಹೋಗುವ ಒಂದೊಂದು ಮಗುವೂ ತಮ್ಮ ಮಡಿಲಿನಿಂದಲೇ ಯಾರೋ ಕಿತ್ತುಕೊಂಡು ಹೋದಂತೆ ಅನ್ನಿಸುತ್ತಿತ್ತು. "ಮಗೂನ ಮುಟ್ಟದೆ ಮದ್ದು ಹೇಳ್ತಾಳಂತೆ, ಇವಳೇನು ಕಣಿ ಹೇಳೋಳಾ?" ಎಂದು ಬಂದವರೆದುರು ಗೊಣಗುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ, ಅವಳ ತಪ್ಪು ಹಿಡಿಯಲೇಬೇಕೆಂದು ತಾವೇ ಆ ಆಪ್ ಹಾಕಿಕೊಂಡು, ಹುಟ್ಟದೇ ಇರುವ ಮಗುವೊಂದಕ್ಕೆ ಚಿರಂಜೀವಿ ಎಂದು ಹೆಸರಿಟ್ಟು, ದೊಡ್ಡ ದೊಡ್ಡ ಡಾಕ್ಟರುಗಳೂ ಎಡವುವಂಥ ಲಕ್ಷಣಗಳನ್ನೆಲ್ಲ ಕಲೆಸಿ ಕಳಿಸಿದರು. ಕೂಡಲೇ ಉತ್ತರ ಬಂತು. "ಇದು ಫೋನಿನಲ್ಲಿ ಹೇಳುವಂಥದ್ದಲ್ಲ, ಮಗುವನ್ನು ಈಗಲೇ ಕರೆತನ್ನಿ. ನಾನು ಸಿಗದಿದ್ದರೆ ಎದುರಿಗೇ ವೆಂಕಟರವಣಪ್ಪ ಸರ್ ಇದ್ದಾರೆ, ಅವರಿಗೆ ತೋರಿಸಿ." ಅವಳು ತಪ್ಪು ಹೇಳಿದ್ದರೆ ಅವರು ಹಬ್ಬ ಮಾಡುತ್ತಿದ್ದರು. ಸರಿಯಾಗಿ ಹೇಳಿ, ಮೇಲೆ ಮರ್ಯಾದೆಯನ್ನೂ ಕೊಟ್ಟಳಲ್ಲ, ಅದು ಅವರಿಗೆ ಜೀರ್ಣವಾಗಲಿಲ್ಲ.

ಇಷ್ಟರಲ್ಲಿ ಮನೆಯಲ್ಲೇ ಕಷ್ಟ ಶುರುವಾಯಿತು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಮಗಳು ಧನುಶ್ರೀಯ ಮೂರು ತಿಂಗಳ ಕೂಸು ಕಣ್ಣೇ ಬಿಡದೆ ಮಲಗತೊಡಗಿತು. ಎಬ್ಬಿಸಿ ಎದೆಗೆ ಹಾಕಿದರೆ ಎರಡು ಗುಟುಕು ಹೀರಿ ಮತ್ತೆ ಜೋತುಬೀಳುತ್ತಿತ್ತು. ಜ್ವರವಿಲ್ಲ, ವಾಂತಿಯಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು, ಅದರಲ್ಲೂ ಏನಿಲ್ಲ. ಊರ ಮಕ್ಕಳ ಕಾಯಿಲೆಯನ್ನೆಲ್ಲ ಹೊಸಿಲಲ್ಲೇ ಗುರುತಿಸುತ್ತಿದ್ದವರಿಗೆ ಸ್ವಂತ ಮೊಮ್ಮಗಳದ್ದು ಗೊತ್ತಾಗಲಿಲ್ಲ.

"ಏನಾದ್ರೂ ತೇಯ್ದು ಗೀಯ್ದು ನೆಕ್ಸಿದೀರಾ?" ಎಂದು ಗುಡುಗಿದರು.

"ನಾವ್ಯಾಕ್ ಕೊಡೋಣ್ರೀ, ನಿಮ್ಮನೇಲಿದ್ಕೊಂಡು?" ಎಂದರು ಹೆಂಡತಿ ಲಕ್ಷ್ಮೀನರಸಮ್ಮ. ಧನುಶ್ರೀ ಮಗುವಿನ ಟೋಪಿ ಸರಿಮಾಡುತ್ತ ಕೂತಳು.

ಆ ಮಾತನ್ನು ಅವರು ನಂಬಿದರು, ನಂಬದೆ ಏನು? ಕೂಸಿಗೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವ ಅಜ್ಜಿಯರನ್ನು ಅವರು ಜನರ ಮುಂದೆಯೇ ನೀರಿಳಿಸುತ್ತಿದ್ದರು. ಒಬ್ಬಾಕೆಯ ಸಾಣೆಕಲ್ಲನ್ನು ತರಿಸಿ ಚರಂಡಿಗೆ ಎಸೆಸಿದ್ದನ್ನು ಊಟಕ್ಕೆ ಕೂತಾಗಲೆಲ್ಲ ಮನೆಯವರಿಗೆ ಹೇಳಿ ನಗುತ್ತಿದ್ದರು. ಅಂಥವರ ಮನೆಯಲ್ಲಿ ಯಾರಿಗೆ ಅಷ್ಟು ಎದೆ?

"ಮೆದುಳಿಗೇನಾದ್ರೂ ತಗುಲಿರ್ಬೋದು. ಸಾಯಂಕಾಲ ಬೆಂಗಳೂರಿಗೆ ಹೊರಡಣ. ಬೆನ್ನಿಂದ ನೀರು ತೆಗ್ದು ನೋಡ್ಬೇಕಾಗತ್ತೆ," ಎಂದು ಹೇಳಿ ಕ್ಲಿನಿಕ್ಕಿಗೆ ಹೋದರು. ಅಷ್ಟು ಸಣ್ಣ ಬೆನ್ನಿಗೆ ಸೂಜಿ ಎಂದು ಕೇಳಿದ ಧನುಶ್ರೀಯ ಮುಖ ನೋಡುವ ಧೈರ್ಯ ಅವರಿಗೂ ಇರಲಿಲ್ಲ.

ಮಧ್ಯಾಹ್ನ ಪದ್ಮಶ್ರೀ ರಸ್ತೆ ದಾಟಿ ಬಂದಳು. ಅವಳು ಈ ಬಾಗಿಲಿಗೆ ಬಂದದ್ದು ಅದೇ ಮೊದಲು. ಸೋತು ಬಂದಳೋ, ಕಿಚಾಯಿಸಲು ಬಂದಳೋ ಎಂದು ಅವರು ಕಣ್ಣು ಕಿರಿದು ಮಾಡಿದರು.

"ಸರ್, ಪಾಪೂನ ಬೆಂಗಳೂರಿಗೆ ಕರ್ಕೊಂಡು ಹೋಗೋ ಮುಂಚೆ ಒಂದು ವಿಷ್ಯ. ಅದಕ್ಕೆ ಜಾಯಿಕಾಯಿ ಕೊಟ್ಟಿದ್ದಾರೆ. ಮಂಪರು ಅದರದ್ದೇ ಇರ್ಬೇಕು."

"ನಮ್ಮನೇಲಿ? ಯಾರಮ್ಮ ಹೇಳಿದ್ದು ನಿನಗೆ?"

"ಅಮ್ಮಾವ್ರೇ ಆಪಲ್ಲಿ ಹೇಳಿ ಕಳಿಸಿದಾರೆ. ನಿಮಗೆ ತಿಳಿಸು ಅಂತ ಅವರೇ ಕೇಳ್ಕೊಂಡಿದಾರೆ ಸರ್, ಇಲ್ಲಾಂದ್ರೆ ನಾನು ಬಾಯಿ ಬಿಡ್ತಿರಲಿಲ್ಲ."

ಸುಳ್ಳು ಎಂದರು. ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದಳು.

"ಪದ್ಮಮ್ಮ, ನಾನು ಲಕ್ಷ್ಮೀನರಸಮ್ಮ ಕಣಮ್ಮ. ಕೂಸು ಸಾಯಂಕಾಲ ಆದ್ರೆ ಒಂದೇ ಸಮ ಅಳ್ತಿತ್ತು. ನಮ್ಮಮ್ಮ ಮಾಡ್ತಿದ್ದಂಗೆ ಜಾಯಿಕಾಯಿ ತೇಯ್ದು ನೆಕ್ಸಿದೆ. ಏಮೋ ತಲ್ಲಿ, ನಂಗೇನ್ ಗೊತ್ತು ತಾಯಿ, ಹೆಚ್ಚಾಯ್ತೇನೋ. ಬೆನ್ನಿಗೆ ಸೂಜಿ ಚುಚ್ಚಿಸ್ತಾರಂತೆ. ನೀನೇ ಹೆಂಗಾದ್ರೂ ಅವರಿಗೆ ಹೇಳಮ್ಮ. ನಾನ್ ಹೇಳಿದ್ರೆ ಅವ್ರು ನನ್ನ ಉಳಿಸಲ್ಲ."

ವೆಂಕಟರವಣಪ್ಪನವರಿಗೆ ಮೊದಲು ಕೇಳಿಸಿದ್ದು ಜಾಯಿಕಾಯಿಯಲ್ಲ, ಆ ದನಿ. ಹೆದರಿಕೆಯಲ್ಲೂ ಎಷ್ಟು ಸಲಿಗೆ, ಎಷ್ಟು ಬಿಚ್ಚು ಮಾತು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಆ ದನಿಯಲ್ಲಿ ಆಕೆ ತಮ್ಮೊಡನೆ ಯಾವಾಗ ಮಾತಾಡಿದ್ದಳೋ ನೆನಪಾಗಲಿಲ್ಲ. ಕ್ಲಿನಿಕ್ಕಿನ ಮಕ್ಕಳೆಲ್ಲ ಎದುರಿಗೆ ಹೋಗಲಿ ಎಂದಾದರೂ ಅಂದುಕೊಳ್ಳಬಹುದಿತ್ತು. ಇದನ್ನು ಹೇಗೆ ಸಹಿಸುವುದು?

"ಎಷ್ಟು ಕೊಟ್ಟಿದಾರೆ, ಕೊನೇ ಸಲ ಯಾವಾಗ ಅಂತ ಗೊತ್ತಾಗ್ಬೇಕು ಸರ್. ಅಲ್ಲೀವರ್ಗೂ ಉಸಿರಾಟ ನೋಡ್ತಾ ಇರಬೇಕು. ನಾನು ಕೇಳ್ಲಾ?"

"ನನ್ನ ಹೆಂಡ್ತೀನ ಕೇಳಕ್ಕೆ ನನಗೆ ಬರತ್ತಮ್ಮ," ಎಂದು ಎದ್ದರು.

ಮನೆಗೆ ಬಂದು ಕೂಸಿನ ಕಾಲ್ಬೆರಳಿಗೆ ಆಮ್ಲಜನಕ ನೋಡುವ ಕ್ಲಿಪ್ ಹಾಕಿದರು. ಉಸಿರು ಸಮನಾಗಿತ್ತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡರು. ಆದಷ್ಟು ಮೆತ್ತಗೆ ಕೇಳಿದರು, "ಎಷ್ಟು ಸಲ ಕೊಟ್ಟೆ, ಲಕ್ಷ್ಮಿ?"

ಲಕ್ಷ್ಮೀನರಸಮ್ಮ ಗೋಡೆಗೆ ಒರಗಿದರು. "ಒಂದೇ ಸಲ ರೀ. ಚೂರೇ ಚೂರು. ಅದೂ ಹೋದ ವಾರ."

ಹೋದ ವಾರದ ಚೂರು ಇಂದಿನವರೆಗೆ ಮಲಗಿಸುವುದಿಲ್ಲ ಎಂದು ಗೊತ್ತಾಗಲು ಡಾಕ್ಟರೇ ಆಗಬೇಕೆಂದಿಲ್ಲ. ಮೆತ್ತಗೆ ಕೇಳಿದರೂ ಸುಳ್ಳೇ ಬಂತು. ಇನ್ನೊಮ್ಮೆ ಕೇಳಿದರೆ ಇನ್ನೊಂದು ಸುಳ್ಳು ಬರುತ್ತದೆ. ಮೊಮ್ಮಗಳನ್ನು ಸೂಜಿಗೆ ಒಡ್ಡಬೇಕೋ ಬೇಡವೋ ಎಂಬುದು ಆ ಒಂದು ನಿಜದ ಮೇಲೆ ನಿಂತಿತ್ತು, ಆ ನಿಜ ಅವರಿಗೆ ಸಿಗುವಂತಿರಲಿಲ್ಲ.

ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಬಂದರು. ಎದುರು ಕ್ಲಿನಿಕ್ಕಿನ ನಂಬರು ಒತ್ತಿದರು. "ಪದ್ಮಶ್ರೀ, ನೀನೇ ಕೇಳಮ್ಮ. ನನಗೆ ಹೇಳಲ್ಲ ಅವಳು," ಎಂದರು.

ಸ್ವಲ್ಪ ಹೊತ್ತಿಗೆ ಒಳಗೆ ಲಕ್ಷ್ಮೀನರಸಮ್ಮನ ಫೋನು ಬಡಿದುಕೊಂಡಿತು. ವೆಂಕಟರವಣಪ್ಪನವರು ಕೂಸಿನೊಡನೆ ಒಳಬಂದು, ಆಕೆ ಇದ್ದ ಅಡುಗೆಮನೆಯ ಬಾಗಿಲ ಹಿಂದೆ ಕಳ್ಳನ ಹಾಗೆ ನಿಂತರು.

"ದಿನಾ ಸಾಯಂಕಾಲ ಕೊಡ್ತಿದ್ದೆ ಕಣಮ್ಮ. ಕಲ್ಲಿನ ಮೇಲೆ ಹತ್ತು ಸುತ್ತು. ನಿನ್ನೆ ಜಾಸ್ತಿ ಅತ್ತಿದ್ದಕ್ಕೆ ಇನ್ನೊಂದು ಹತ್ತು. ನಿನ್ನೇದೇ ಕೊನೆ, ಇವತ್ತು ಕೊಟ್ಟಿಲ್ಲ, ಆಣೆಗೂ." ಆಕೆ ಮೂಗೊರೆಸಿಕೊಂಡ ಸದ್ದು ಕೇಳಿತು. "ಅವರು ಈಗ ಮೆತ್ತಗೇ ಕೇಳಿದ್ರು, ಪಾಪ. ಆದ್ರೆ ಅವರ ಮುಖ ನೋಡಿದ ತಕ್ಷಣ ಬಾಯಲ್ಲಿ ಸುಳ್ಳೇ ಬಂದ್ಬಿಡ್ತು. ಅಭ್ಯಾಸ ಆಗೋಗಿದೆ ನೋಡು."

ತೋಳಿನಲ್ಲಿದ್ದ ಕೂಸು ಮಿಸುಕಿ ಬಾಯಿ ಚಪ್ಪರಿಸಿತು. ಇಂದು ಕೊಟ್ಟಿಲ್ಲವೆಂದರೆ ಮಂಪರು ಇಳಿಯುತ್ತಿದೆ. ರಾತ್ರಿಯೆಲ್ಲ ಕಣ್ಣಿಟ್ಟು ನೋಡಿಕೊಂಡರೆ ಸಾಕು, ಸೂಜಿ ಬೇಕಾಗಲಿಕ್ಕಿಲ್ಲ. ಡಾಕ್ಟರಾಗಿ ಅವರಿಗೆ ಎದೆ ಹಗುರಾಗಬೇಕಿತ್ತು, ಆಯಿತು ಕೂಡ. ಒಳಗೆ ಆಕೆ ಇನ್ನೂ ಮಾತಾಡುತ್ತಿದ್ದಳು, ಕೂಸಿನ ವಿಷಯ ಮುಗಿದು ತನ್ನ ಮಂಡಿನೋವಿನ ವಿಷಯ ಬಂದಿತ್ತು. ಆಕೆಗೆ ಮಂಡಿ ನೋಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ.