ಕಲ್ಯಾಣದುರ್ಗದ ರೆಕ್ಕೆಗಳು

ಚಪ್ಪಲಿ ಎಲ್ಲಿ ಬಿಡಬೇಕೆಂದು ಮುನಿಯಕ್ಕನಿಗೆ ತಿಳಿಯಲಿಲ್ಲ. ನೆಂಟರ ಚಪ್ಪಲಿಗಳು ಜಗಲಿಯ ಕೆಳಗೆ ಗುಡ್ಡೆ ಬಿದ್ದಿದ್ದವು. ಬೀದಿಯವರವು ಎದುರಿನ ಬೇವಿನ ಮರದ ಬುಡದಲ್ಲಿದ್ದವು. ತಾನು ಯಾವ ಕಡೆಯವಳೆಂದು ಒಂದು ಗಳಿಗೆ ಯೋಚಿಸಿ, ಕೊನೆಗೆ ಎರಡರಿಂದಲೂ ದೂರವಾಗಿ ಚರಂಡಿಯ ಕಲ್ಲಿನ ಮೇಲೆ ಬಿಟ್ಟು, ಕೈಚೀಲವನ್ನು ಎದೆಗವಚಿಕೊಂಡು ಹೆಂಗಸರ ಹಿಂದೆ ಹೋಗಿ ನಿಂತಳು.

ಹಿಂದೂಪುರದಿಂದ ಕಲ್ಯಾಣದುರ್ಗದವರೆಗೂ ಬಸ್ಸಿನಲ್ಲಿ ಅವಳು ಒಂದೇ ಪ್ರಶ್ನೆಗೆ ಉತ್ತರ ಹುಡುಕಿದ್ದಳು. ನೀನು ಯಾರು ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ನೆಂಟಳಲ್ಲ, ನೆರೆಯವಳಲ್ಲ. ಫ್ರೆಂಡು ಎನ್ನುವುದಕ್ಕೆ ಇಬ್ಬರೇನು ಕಾಲೇಜು ಹುಡುಗಿಯರೇ? ನಿಜ ಹೇಳಬೇಕೆಂದರೆ, 'ನಾನು ವಿಮಾನದ ಹೊಟ್ಟೆ ಹೆಣೆಯುವವಳು, ಆಕೆ ರೆಕ್ಕೆ ಹೆಣೆಯುವವಳು' ಎನ್ನಬೇಕು. ಸಾವಿನ ಮನೆಯಲ್ಲಿ ಹಾಗೆಂದರೆ ತಲೆ ಕೆಟ್ಟವಳೆಂದು ಆಚೆ ಕಳಿಸಿಯಾರು. ಅವಳಿಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ನಾರಮ್ಮನ ಮುಖವನ್ನು ಒಂದು ಸಲ ನೋಡಬೇಕಿತ್ತು. ಇಷ್ಟು ವರ್ಷ ಮಾತಾಡಿದ್ದರೂ ನೋಡಿರಲಿಲ್ಲ.

ಇಬ್ಬರು ಹೆಂಗಸರ ಭುಜದ ಸಂದಿಯಿಂದ ನೋಡಿದಳು. ಅಂಗಳದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಅರಿಸಿನ ಮೆತ್ತಿದ ಮುಖ, ಕಾಸಗಲದ ಕುಂಕುಮ. ಫೋನಿನ ದನಿ ಕೇಳಿ ಮುನಿಯಕ್ಕ ದಪ್ಪನೆಯ, ಕುರ್ಚಿ ತುಂಬ ಕೂರುವ ಹೆಂಗಸನ್ನು ಕಲ್ಪಿಸಿಕೊಂಡಿದ್ದಳು. ಇಲ್ಲಿ ಮಲಗಿದ್ದವಳು ಒಂದು ಹಿಡಿಯಷ್ಟಿದ್ದಳು. ಅಷ್ಟು ದೊಡ್ಡ ನಗುವನ್ನು ಈಕೆ ಎಲ್ಲಿ ಇಟ್ಟುಕೊಂಡಿದ್ದಳೋ ಎಂದು ಮುನಿಯಕ್ಕನಿಗೆ ಸಂಕಟವಾಯಿತು.

ಗುಂಡಿ ತೋಡಿ ಆಗಿದೆಯೆಂದು ಸ್ಮಶಾನದಿಂದ ಹೇಳಿಕಳಿಸಿದ್ದರು. ಆದರೂ ಹೆಣ ಎತ್ತಿರಲಿಲ್ಲ.

"ಇನ್ನೂ ಎಷ್ಟೊತ್ತು ಕಣಮ್ಮ ಆದೆಮ್ಮ? ಬಿಸಿಲು ನೋಡು," ಎಂದ ಗಂಡಸರ ಕಡೆಯ ಒಬ್ಬ ಮುದುಕ.

ಆದೆಮ್ಮ ನಾರಮ್ಮನ ಓರಗಿತ್ತಿ, ಆ ಮನೆಗೆ ಹಿರಿಯಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. "ತವರಿನ ಸೀರೆ ಬೀಳದೆ ಹೆಂಗಪ್ಪ ಎತ್ತೋದು? ಮುತ್ತೈದೆ ಸತ್ತವ್ಳೆ. ಪುಟ್ಟಿಂಟಿ ಚೀರ ಲೇಕುಂಡಾ ಪಂಪಿಸ್ತಾರಾ ಎವರೈನಾ, ತವರಿನ ಸೀರೆ ಇಲ್ದೆ ಯಾರಾದ್ರೂ ಕಳಿಸ್ತಾರಾ?"

"ಅವಳ ತವರಾಗೆ ಯಾರವ್ರೆ? ಇದ್ದೊಬ್ಬ ತಮ್ಮನೂ ಹೋಗ್ಬುಟ್ಟ. ರೊದ್ದಂನಾಗಿನ ಮನೆ ಬಿದ್ದೇ ಹೋಯ್ತು."

"ಹಿಂದೂಪುರದಾಗೆ ಅಕ್ಕ ಅವ್ಳಲ್ಲ, ದೊಡ್ಡಮ್ಮನ ಮಗಳು. ಬತ್ತಾಳೆ, ತಡೀರಿ."

ಮುನಿಯಕ್ಕನಿಗೆ ಆ ದುಃಖದಲ್ಲೂ ಚುರುಕ್ಕೆಂದಿತು. ತನ್ನೂರಿನಲ್ಲೇ ಅಕ್ಕನನ್ನಿಟ್ಟುಕೊಂಡು ಈ ನಾರಮ್ಮ ತನಗೊಂದು ಮಾತು ಹೇಳಲಿಲ್ಲವಲ್ಲ. ಎಲ್ಲವನ್ನೂ ಹೇಳಿಕೊಂಡಿದ್ದೇವೆ ಎಂದುಕೊಂಡದ್ದು ತನ್ನ ಭ್ರಮೆಯೇ ಇರಬೇಕು ಎನ್ನಿಸಿ, ಇನ್ನೂ ಒಂದು ಹೆಜ್ಜೆ ಹಿಂದೆ ಸರಿದಳು.

* * *

ಕೊಡಿಕೊಂಡದ ಚೆಕ್‌ಪೋಸ್ಟಿನ ಹತ್ತಿರ ಜಯಚಂದ್ರನ ಅಂಗಡಿ. ಬೆಂಗಳೂರಿನ ಏರ್‌ಪೋರ್ಟಿಗೆ ಹೋಗಿಬರುವ ಕಾರುಗಳು ಅಲ್ಲಿ ಟೀಗೆ ನಿಲ್ಲುತ್ತವೆ. ಹಿಂದಿನ ಸೀಟಿನ ಮಕ್ಕಳ ಕಣ್ಣಿಗೆ ಬೀಳಲೆಂದು ಅವನು ಕ್ರೋಷಾ ಕಡ್ಡಿಯಲ್ಲಿ ಹೆಣೆದ, ಹತ್ತಿ ತುಂಬಿದ ಪುಟ್ಟ ವಿಮಾನಗಳನ್ನು ತೂಗುಹಾಕಲು ಹೊರಟ. ಸೀರೆಗೆ ಕುಚ್ಚು ಹಾಕುವ ಹೆಂಗಸರನ್ನು ಹುಡುಕಿ ಉಲ್ಲನ್ ದಾರ ಕೊಟ್ಟ. ಹಿಂದೂಪುರದ ಮುನಿಯಕ್ಕನಿಗೆ ಸುತ್ತು ಹೆಣಿಗೆ ಚೆನ್ನಾಗಿ ಬರುತ್ತಿತ್ತು. ಮೂತಿಯಿಂದ ಶುರುಮಾಡಿ ಹತ್ತಿ ತುಂಬುತ್ತ ಬಾಲದವರೆಗೆ ಹೋಗುವಳು. ಕಲ್ಯಾಣದುರ್ಗದ ನಾರಮ್ಮನಿಗೆ ಸುತ್ತು ಬಾರದು, ಚಪ್ಪಟೆ ಬರುತ್ತಿತ್ತು. ಜಾಣ ವ್ಯಾಪಾರಿ ಕೆಲಸ ಹಂಚಿಬಿಟ್ಟ. ರೆಕ್ಕೆಗಳು ಪ್ಲಾಸ್ಟಿಕ್ ಕವರಿನಲ್ಲಿ, ಬಸ್ಸಿನ ಕಂಡಕ್ಟರನ ಕೈಲಿ ಹಿಂದೂಪುರಕ್ಕೆ ಬರುವವು. ಮುನಿಯಕ್ಕ ಅವನ್ನು ಹೊಟ್ಟೆಗೆ ಹೊಲಿದು ಕೊಡಿಕೊಂಡಕ್ಕೆ ಕಳಿಸುವಳು.

ಮೊದಲ ಫೋನು ಜಗಳಕ್ಕೆಂದೇ ಮಾಡಿದ್ದು.

"ಯಾರಮ್ಮ ಅದು ರೆಕ್ಕೆಯೋಳು? ಒಂದು ದೊಡ್ಡದು, ಇನ್ನೊಂದು ಸಣ್ಣದು. ವಿಮಾನ ಏನು ಕುಂಟ್ಕೊಂಡು ಹೋಯ್ತದಾ?"

ಆ ಕಡೆಯಿಂದ ಕೋಪ ಬರಲಿಲ್ಲ, ನಗು ಬಂತು. "ವಾಲ್ತಾ ಹೋಗ್ಲಿ ಬಿಡಕ್ಕ. ನಾನೇನು ವಿಮಾನ ಕಂಡಿದೀನಾ? ನಮ್ಮೂರ ಮ್ಯಾಲೆ ಬರೀ ಬಿಳೀ ಗೀರು ಕಾಣ್ತದೆ. ಪೂರ್ತಿ ಆಗಿದ್ದು ಒಂದ್ಸಲ ತೋರ್ಸು, ಆಮ್ಯಾಕೆ ಬೈಯುವಂತೆ."

ಮುನಿಯಕ್ಕನ ಗಂಡ ಕಾರ್ಖಾನೆಯೊಂದರಲ್ಲಿ ರಾತ್ರಿ ವಾಚ್‌ಮನ್. ಹಗಲೆಲ್ಲ ಮಲಗುತ್ತಾನೆ. ಅವನಿಗೆ ಎಚ್ಚರವಾಗದಂತೆ ಪಾತ್ರೆ ಇಡುವುದು, ಬಾಗಿಲು ಹಾಕುವುದು, ಕೆಮ್ಮುವುದು ಎಲ್ಲವೂ ಅವಳಿಗೆ ರೂಢಿಯಾಗಿತ್ತು. ಆ ಜಗಳದ ನಂತರ ಅವಳು ಹಿತ್ತಲ ಬಾಗಿಲಲ್ಲಿ ಕೂತು, ಫೋನನ್ನು ಮಡಿಲಲ್ಲಿಟ್ಟುಕೊಂಡು ಹೆಣೆಯತೊಡಗಿದಳು. ಮಾತಿದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಆ ಕಡೆ ಕುಕ್ಕರ್ ಕೂಗುವುದು, ನಾರಮ್ಮ ಕೋಳಿ ಓಡಿಸುವುದು ಕೇಳುತ್ತಿತ್ತು. ನಡುವೆ ಒಬ್ಬರು "ಇದೀಯಾ?" ಎಂದರೆ ಇನ್ನೊಬ್ಬರು "ಇದೀನಿ" ಎನ್ನುವರು. ಅಷ್ಟರಲ್ಲೇ ಹಗಲು ಕಳೆಯುತ್ತಿತ್ತು.

ಒಂದು ದಿನ ಮುನಿಯಕ್ಕ ಚಿಕ್ಕಂದಿನಲ್ಲಿ ಹುಣಸೆ ಮರದಿಂದ ಬಿದ್ದು ಎಡಗೈ ಮುರಿದುಕೊಂಡದ್ದನ್ನು ಹೇಳಿದ್ದಳು. ಬೈಯುತ್ತಾರೆಂಬ ಹೆದರಿಕೆಯಲ್ಲಿ, ಜೋತುಬಿದ್ದ ಕೈಯನ್ನು ಇನ್ನೊಂದು ಕೈಲಿ ಹಿಡಿದು, ಹೊಲದ ಬದುವಿನ ಮೇಲೆ ಅಳುತ್ತ ಮನೆಗೆ ನಡೆದಿದ್ದಳು. ಮೂಳೆ ಸೊಟ್ಟಗೇ ಕೂಡಿಕೊಂಡಿತು.

"ಜೊತೇಲಿ ಯಾರೂ ಇರ್ಲಿಲ್ವಾ ಅಕ್ಕ?"

"ಯಾರೂ ಇರ್ಲಿಲ್ಲ ಕಣೆ."

ಯಾವ ಕೈ, ಮರದಿಂದ ಮನೆಗೆ ಎಷ್ಟು ದೂರ, ಬದು ಎಷ್ಟು ಅಗಲ ಎಂದೆಲ್ಲ ನಾರಮ್ಮ ಬಿಡಿಸಿ ಬಿಡಿಸಿ ಕೇಳಿದ್ದಳು.

ಇವತ್ತು ಬೆಳಿಗ್ಗೆ ಅದೇ ನಂಬರಿನಿಂದ ಫೋನು ಬಂದಾಗ, "ಏನೇ, ರೆಕ್ಕೆ ಎಲ್ಲೇ? ಇಲ್ಲಿ ಹೊಟ್ಟೆ ಕಾಯ್ಕೊಂಡು ಕೂತೈತೆ," ಎಂದು ಬೈಯುತ್ತಲೇ ಎತ್ತಿದ್ದಳು. ಗಂಡಸಿನ ದನಿ ಬಂತು. ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲವೆಂದು ಹೇಳಿ ಫೋನಿಟ್ಟಿತು.

* * *

"ನೀವು ಎಲ್ಲಿಂದ ಬಂದ್ರಮ್ಮ?" ಪಕ್ಕದಲ್ಲಿದ್ದ ಹೆಂಗಸು ಕೇಳಿದಳು.

"ಹಿಂದೂಪುರ."

ಹೇಳಿದ್ದು ಮೆಲ್ಲಗೇ. ಆದರೆ ಅಂಗಳದಲ್ಲಿದ್ದವರ ತಲೆಗಳೆಲ್ಲ ಇತ್ತ ತಿರುಗಿದವು.

"ನಾನು... ನಾವಿಬ್ರೂ..." ಎಂದು ಮುನಿಯಕ್ಕ ತೊದಲುವಷ್ಟರಲ್ಲಿ ಆದೆಮ್ಮ ಜನರನ್ನು ಸರಿಸಿಕೊಂಡು ಬಂದು, ಅವಳ ಎಡಗೈಯನ್ನು ಹಿಡಿದು, ಬಳೆಗಳನ್ನು ಮೇಲಕ್ಕೆ ತಳ್ಳಿ ನೋಡಿದಳು. ಮುಂಗೈಯ ಮೂಳೆ ನಡುವೆ ಸೊಟ್ಟಗಿತ್ತು.

"ಇದೇ ಕಣ್ರೇ ಆ ಕೈ! ನಾನು ಹೇಳ್ಲಿಲ್ವಾ, ಬತ್ತಾಳೆ ಅಂತ?" ಆದೆಮ್ಮನ ದನಿ ಒಡೆಯಿತು. "ಹುಣಸೆ ಮರದಿಂದ ಬಿದ್ದಾಗ ನಮ್ಮ ನಾರಮ್ಮನೇ ಅಲ್ವಾ ಕೈ ಹಿಡ್ಕೊಂಡು ನಿನ್ನ ಮನೆತಂಕ ಕರ್ಕೊಂಡ್ಬಂದಿದ್ದು? 'ಅಕ್ಕ ಅಳೋಳು, ನಾನಿದೀನಿ ಬಾ ಅಕ್ಕ ಅಂತ ಬದುವಿನ ಮ್ಯಾಲೆ ಕರ್ಕೊಂಡು ಬಂದೆ' ಅಂತ ಎಷ್ಟು ಸಲ ಹೇಳವ್ಳೆ! ಒಂದೇ ತಟ್ಟೇಲಿ ಉಂಡೋರಂತೆ ಇಬ್ರೂ."

ಮುನಿಯಕ್ಕ ಅಲ್ಲ ಎನ್ನಬೇಕಿತ್ತು. ಆದರೆ ಆ ಬದುವಿನ ದಾರಿ ಕಣ್ಣಿಗೆ ಕಟ್ಟಿತು. ಅಲ್ಲಿ ಈಗ ತನ್ನ ಪಕ್ಕದಲ್ಲಿ ಲಂಗ ಎತ್ತಿಕಟ್ಟಿದ ಇನ್ನೊಂದು ಪುಟ್ಟ ಹುಡುಗಿ ನಡೆಯುತ್ತಿದ್ದಳು. ನಾರಮ್ಮ ಎಂದೋ ಹೋಗಿ ಅಲ್ಲಿ ಸೇರಿಕೊಂಡಿದ್ದಳು, ತನಗೆ ತಿಳಿಸದೆಯೇ.

"ಹೂಂ," ಎಂದಳು. "ಅವಳೇ ಕರ್ಕೊಂಡು ಬಂದ್ಲು."

ಹಾಗೆಂದವಳು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಬೆಳಗಿನಿಂದ ಅಳುವುದಕ್ಕೂ ಅವಳಿಗೆ ಹಕ್ಕಿರಲಿಲ್ಲ.

ಆಗಲೇ ಆ ಮುದುಕ ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಅವಳನ್ನು ನೋಡಿದ. "ಏನ್ಲಾ ಮುತ್ಯಾಲಪ್ಪ, ನಿನ್ನ ಮದುವೇಗೆ ನಾನೇ ಹೋಗಿದ್ದೆ. ಈಯಮ್ಮನ್ನ ಕಂಡ ಗ್ಯಾಪಕ ಇಲ್ವಲ್ಲ?"

ಮುನಿಯಕ್ಕ ಮುಖದಿಂದ ಕೈ ತೆಗೆದಳು. ನಾರಮ್ಮನ ಗಂಡ ಗೋಡೆಗೊರಗಿ, ಟವೆಲನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದ. ರೊದ್ದಂಗೆ ಹೋಗಿ ಹೆಣ್ಣು ತಂದವನು, ಆ ಮನೆಯ ಕೋಳಿ ಕುರಿಗಳಿಂದ ಹಿಡಿದು ಎಲ್ಲವನ್ನೂ ಬಲ್ಲವನು. ಅವನೊಂದು ಮಾತು ಆಡಿದರೆ ಇಷ್ಟು ಜನರೆದುರು ತಾನು ಸುಳ್ಳಿ, ಸತ್ತು ಮಲಗಿದವಳೂ ಸುಳ್ಳಿ.

ಮುತ್ಯಾಲಪ್ಪ ಅವಳ ಮುಖವನ್ನು ನೋಡಿದ, ಸೊಟ್ಟ ಕೈಯನ್ನು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ.

"ಬಂದಿದ್ಲು," ಎಂದ. "ಅಡುಗೆ ಕಡೆ ಇದ್ಲು. ನೀವು ಊಟಕ್ಕೆ ಕೂತೋರು ಏಳ್ಲೇ ಇಲ್ಲ, ಹೆಂಗೆ ಕಾಣ್ತಾಳೆ?" ಟವೆಲಿನಿಂದ ಮುಖ ಒರೆಸಿಕೊಂಡು, "ಸೀರೆ ಹೊದ್ಸಕ್ಕ, ಹೊತ್ತಾಯ್ತು," ಎಂದ.

ಸೀರೆ ಎಲ್ಲಿಂದ ಬರಬೇಕು? ಚೀಲದಲ್ಲಿ ಒಂದೇ ಒಂದು ಸೀರೆಯಿತ್ತು. ಯುಗಾದಿಗೆ ತಂದು ಇನ್ನೂ ಉಡದೆ ಇಟ್ಟದ್ದು, ಗಿಳಿಹಸಿರಿನದು. ಗುರುತಿಲ್ಲದ ಊರಿನಲ್ಲಿ ಹಳೆಯದನ್ನು ಉಡಬಾರದೆಂದು, ಸಾವಿನ ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡ ಮೇಲೆ ಉಡಲು ತಂದಿದ್ದಳು. ಅದನ್ನು ಎಳೆಯುವಾಗ ಅದರೊಟ್ಟಿಗೆ ಇನ್ನೇನೋ ಜಾರಿ ನೆಲಕ್ಕೆ ಬಿದ್ದು ಉರುಳಿತು.

"ಇದೇನಮ್ಮ, ಬದನೆಕಾಯಾ?"

"ವಿಮಾನ."

"ರೆಕ್ಕೆ ಎಲ್ಲಿ ಮತ್ತೆ?"

"ನಾರಮ್ಮನ ಹತ್ರ ಐತೆ," ಎಂದಳು ಮುನಿಯಕ್ಕ.

ಆದೆಮ್ಮ ಅದನ್ನೆತ್ತಿ ಮಣ್ಣು ಕೊಡವಿದಳು. "ಓ, ಅವಳು ಹೆಣೀತಿದ್ದಿದ್ದು ಇದಕ್ಕಾ? ಎಂಥದೋ ನಾಲಿಗೆ ಥರ ಹೆಣೀತಾ ಕೂತಿರೋಳು. ಏನು ಅಂತ ಒಂದಿನಾನೂ ಕೇಳ್ಲಿಲ್ಲ ನೋಡು ನಾವು," ಎಂದು ಚೀಲದೊಳಗೆ ಹುಷಾರಾಗಿ ಇಟ್ಟಳು.

ಮುನಿಯಕ್ಕ ಸೀರೆಯ ಮಡಿಕೆ ಬಿಚ್ಚಿ ನಾರಮ್ಮನ ಮೇಲೆ ಹೊದಿಸಿದಳು. ಸೆರಗಿನ ಕುಚ್ಚು ತಾನೇ ಹಾಕಿದ್ದು. ಅದನ್ನು ನಾರಮ್ಮನ ಕೈಗಳ ಹತ್ತಿರ ಬರುವಂತೆ ಸರಿಮಾಡಿದಳು. ಹಣೆಗೆ ಕುಂಕುಮವಿಟ್ಟಳು. ಅವಳನ್ನು ಮುಟ್ಟಿದ್ದು ಅದೇ ಮೊದಲು. ಆಮೇಲೆ ತಮಟೆ ಶುರುವಾಯಿತು, ಗಂಡಸರು ಹೆಗಲು ಕೊಟ್ಟರು, ಬೀದಿಯ ತಿರುವಿನವರೆಗೆ ಹಸಿರು ಕಾಣಿಸಿ ಮರೆಯಾಯಿತು.

* * *

ಮನೆ ತೊಳೆದು ಹೆಂಗಸರೆಲ್ಲ ಹಿತ್ತಲಿನಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡರು.

"ಬದಲಿಗೆ ಸೀರೆ ತಂದಿದೀಯಾ?" ಎಂದು ಆದೆಮ್ಮ ಕೇಳಿದಳು.

"ತಂದಿದೀನಿ, ಬಸ್‌ಸ್ಟ್ಯಾಂಡಾಗೆ ಉಟ್ಕೋತೀನಿ," ಎಂದಳು ಮುನಿಯಕ್ಕ. ತವರಿನವಳು ತಾನು ಉಡಲು ತಂದ ಸೀರೆಯನ್ನೇ ಹೊದಿಸಿದಳೆಂದು ಗೊತ್ತಾದರೆ ನಾರಮ್ಮನ ಮರ್ಯಾದೆ ಏನಾಗಬೇಕು?

ಸಾವಿನ ಮನೆಯಿಂದ ಹೊರಡುವಾಗ ಹೋಗಿ ಬತ್ತೀನಿ ಎನ್ನುವ ಹಾಗಿಲ್ಲ. ಅವಳು ಸುಮ್ಮನೆ ಹೊರಬಂದು ಚರಂಡಿಯ ಕಲ್ಲು ನೋಡಿದಳು. ಚಪ್ಪಲಿ ಇರಲಿಲ್ಲ. ಯಾರೋ ಎತ್ತಿ ಜಗಲಿಯ ಕೆಳಗೆ, ನೆಂಟರ ಚಪ್ಪಲಿಗಳ ಜೊತೆಗಿಟ್ಟಿದ್ದರು.

ಮಣ್ಣು ಮಾಡಿ ಬಂದಿದ್ದ ಮುತ್ಯಾಲಪ್ಪ ಬೇವಿನ ಮರದ ಹತ್ತಿರ ಒಂದು ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದ.

"ಅವಳಿಗೆ ದೊಡ್ಡಮ್ಮ ಅಂತಾನೇ ಯಾರೂ ಇರ್ಲಿಲ್ಲ," ಎಂದ ಮೆಲ್ಲಗೆ.

ಮುನಿಯಕ್ಕ ತಲೆತಗ್ಗಿಸಿದಳು.

"ನನಗೆ ಮಾತು ಬರಾಕಿಲ್ಲ ಕಣಕ್ಕ. ಜೀಪ್ ಓಡಿಸ್ಕೊಂಡು ಬಂದು ಉಂಡು ಮಲಗೋನು. ಅವಳು ನಗೋದು ಕೇಳ್ಬೇಕಂದ್ರೆ ನಿನ್ನ ಫೋನ್ ಬರ್ಬೇಕಿತ್ತು. ಎಷ್ಟೋ ಸಲ ಗೋಡೆ ಆಚೆ ನಿಂತ್ಕೊಂಡು ಕೇಳಿದೀನಿ." ಕವರನ್ನು ಅವಳ ಕೈಗೆ ಕೊಟ್ಟ. "ತಿಥಿಗೆ ಬಂದ್ಬುಡು. ತವರಿನೋರು ಇಲ್ದೆ ಆಗಾಕಿಲ್ಲ."

* * *

ಒದ್ದೆ ಸೀರೆ ನೋಡಿ ಬಸ್ಸಿನಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ. ಕಂಡಕ್ಟರ್ ಟಿಕೆಟ್ ಹರಿದುಕೊಟ್ಟು, ಅವಳ ಮಡಿಲಿನ ಕವರಿನ ಮೇಲೆ ಕಣ್ಣಿಟ್ಟ.

"ರೆಕ್ಕೆ ಪಾರ್ಸಲ್ ಅಲ್ವೇನಮ್ಮ ಇದು? ಇವತ್ತು ಆಯಮ್ಮ ಕೊಡಾಕೆ ಬರ್ಲೇ ಇಲ್ಲ?"

"ಇಲ್ಲಪ್ಪ," ಎಂದಳು.

ಊರು ದಾಟಿದ ಮೇಲೆ ಕವರು ಬಿಚ್ಚಿದಳು. ಒಂದು ರೆಕ್ಕೆ ಮುಗಿದಿತ್ತು. ಇನ್ನೊಂದು ಅರ್ಧಕ್ಕೆ ನಿಂತಿತ್ತು, ಕೊನೆಯ ಕುಣಿಕೆಯಲ್ಲಿ ಕಡ್ಡಿ ಹಾಗೇ ಇತ್ತು. ಯಾವಾಗಿನಂತೆ ಹೆಣಿಗೆ ಸಡಿಲ, ಬೆರಳು ತೂರುವಷ್ಟು. ಎಷ್ಟು ಬೈದರೂ ತಿದ್ದಿಕೊಂಡವಳಲ್ಲ. ಮುನಿಯಕ್ಕ ಕಡ್ಡಿ ಹಿಡಿದು ಒಂದು ಕುಣಿಕೆ ಹೆಣೆದು ನೋಡಿದಳು. ಅವಳದು ಬಿಗಿ ಕೈ. ನಾರಮ್ಮನ ಸಾಲಿನ ಪಕ್ಕದಲ್ಲಿ ಅದು ಬೇರೆಯಾಗಿಯೇ ಕಂಡಿತು. ಅದನ್ನು ಬಿಚ್ಚಿದಳು.

ಬಸ್ಸು ಹಳ್ಳ ಹಾರಿದಾಗೆಲ್ಲ ಕಡ್ಡಿ ಕುಣಿಕೆಯಿಂದ ಜಾರಲು ನೋಡುತ್ತಿತ್ತು. ಜಾರಿದರೆ ದಾರ ಎಳೆದುಕೊಂಡು ಸಾಲು ಸಾಲೇ ಬಿಚ್ಚಿಹೋಗುತ್ತದೆ. ಅವಳು ತಾಳಿಯ ಸರಕ್ಕೆ ಸಿಕ್ಕಿಸಿದ್ದ ಪಿನ್ನನ್ನು ತೆಗೆದು, ಆ ಕುಣಿಕೆಯೊಳಗೆ ತೂರಿಸಿ, ಮುಚ್ಚಿದಳು. ಆಮೇಲೆ ಕಡ್ಡಿಯನ್ನು ಮೆಲ್ಲಗೆ ಎಳೆದಳು. ಕುಣಿಕೆ ಪಿನ್ನಿನಲ್ಲಿ ನಿಂತಿತು.