ವಾಪಸ್ ಬಂದ ಬೋಟಿ

ಕಡೂರಿನ ಆ ಮಟನ್ ಅಂಗಡಿಯಲ್ಲಿ ಕುರಿ ಕಡಿಯುವವನು ರವಿಕುಮಾರ. ಆದರೆ ಅಂಗಡಿಗೆ ಹೆಸರು ಬಂದದ್ದು ಅವನ ತಾಯಿ ದುರ್ಗಮ್ಮ ತೊಳೆಯುವ ಬೋಟಿಯಿಂದ. ಕುರಿಯ ಕರುಳನ್ನು ಕಡ್ಡಿಗೆ ಸಿಕ್ಕಿಸಿ, ಒಳಮೈ ಹೊರಗೆ ಮಗುಚಿ, ಸುಣ್ಣ ಹಚ್ಚಿ, ಚಾಕುವಿನ ಬೆನ್ನಿನಿಂದ ಕೆರೆದು, ಏಳು ನೀರಿನಲ್ಲಿ ತೊಳೆದಳೆಂದರೆ ಹೆಂಗಸರು ಮತ್ತೆ ಮನೆಯಲ್ಲಿ ತೊಳೆಯುವ ಗೋಜಿಗೇ ಹೋಗುತ್ತಿರಲಿಲ್ಲ. ಸಿಂಗಟಗೆರೆಯಿಂದ ಬಸ್ಸು ಹತ್ತಿ ಬರುವ ಗಿರಾಕಿಗಳು "ತೊಳ್ದೋರು ಯಾರು?" ಎಂದು ಕೇಳಿಯೇ ಚೀಲ ಬಿಚ್ಚುತ್ತಿದ್ದರು. ಗಂಡ ಬಿಟ್ಟುಹೋದದ್ದು ಏನೂ ಇರಲಿಲ್ಲ. ದುರ್ಗಮ್ಮ ತಾನಾಗಿ ಸಂಪಾದಿಸಿದ್ದು ಈ ಹೆಸರೊಂದೇ. ಮೂವತ್ತು ವರ್ಷದಲ್ಲಿ ಅವಳು ತೊಳೆದ ಬೋಟಿ ಒಂದೂ ವಾಪಸ್ ಬಂದಿರಲಿಲ್ಲ.

ಬಂದದ್ದು ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆಗೆ.

ತಂದವಳು ಕೃತಿಕಾ. ಅಜ್ಜಂಪುರದ ಹುಡುಗಿ, ಕಡೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಮನೆಯವರು ಲಿಂಗ ಕಟ್ಟಿದವರು, ಮೊಟ್ಟೆಯನ್ನೂ ಒಳಗೆ ಬಿಟ್ಟುಕೊಂಡವರಲ್ಲ. ಅದೇ ಬೆಳಿಗ್ಗೆ ಒಂಬತ್ತಕ್ಕೆ ಬಂದಿದ್ದವಳು ಗೋಡೆ ನೋಡುತ್ತಲೇ ಪ್ರಾಜೆಕ್ಟಿಗೆ ಒಂದು ಗೇಣು ಸಣ್ಣ ಕರುಳು ಕೇಳಿದ್ದಳು. ಪಾಪ, ಈ ಅಂಗಡಿಗೆ ಹೊಸಬಳು ಎಂದು ದುರ್ಗಮ್ಮ ಅವಳದನ್ನು ಹತ್ತು ನೀರಿನಲ್ಲಿ ತೊಳೆದುಕೊಟ್ಟಿದ್ದಳು.

"ಅಮ್ಮಾ, ಇದರಲ್ಲಿ ಏನೂ ಇಲ್ಲ" ಎಂದಳು ಕೃತಿಕಾ.

"ಏನೂ ಇರಬಾರ್ದು ಅಂತ್ಲೇ ತೊಳ್ದಿದ್ದು ಕಣವ್ವ."

"ನನಗೆ ಬೇಕಾಗಿದ್ದು ನೀವು ಕೆರೆದು ಹಾಕಿದ್ದು."

ಅಂಗಡಿ ಮುಂದೆ ಎಂಟು ಜನ ಗಿರಾಕಿಗಳಿದ್ದರು. ಎಂಟು ಜನವೂ ಕೇಳಿಸಿಕೊಂಡರು. ದುರ್ಗಮ್ಮನಿಗೆ ಅವಮಾನವಾಯಿತು. ಹುಡುಗಿಯ ರಟ್ಟೆ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

ಅಲ್ಲಿ ಸುಣ್ಣದ ಡಬ್ಬಿಯ ಪಕ್ಕ ನಿಂತು ಕೃತಿಕಾ ವಿವರಿಸಿದಳು. ಕರುಳಿನ ಒಳಮೈ ತುಂಬ ಕಣ್ಣಿಗೆ ಕಾಣದ ಗುಳಿಗಳಿವೆ. ಗುಳಿಯ ತಳದಲ್ಲಿ ಕೆಲವು ಜೀವಕೋಶಗಳು ಮೈತುಂಬ ಕಾಳಿನಂಥ ಕಣ ಇಟ್ಟುಕೊಂಡು ಕೂತಿರುತ್ತವೆ. ಕೆಟ್ಟ ಬ್ಯಾಕ್ಟೀರಿಯಾ ಹತ್ತಿರ ಸುಳಿದರೆ ಆ ಕಾಳನ್ನು ಹೊರಗೆ ಚೆಲ್ಲುತ್ತವೆ. ಕಾಳಿನೊಳಗಿನ ಸಣ್ಣ ಸಣ್ಣ ಪ್ರೋಟೀನ್ ತುಣುಕುಗಳು ಬ್ಯಾಕ್ಟೀರಿಯಾದ ಮೈಗೆ ತೂತು ಕೊರೆದು ಸಾಯಿಸುತ್ತವೆ. ಕುರಿಗೂ ಹಾಗೆ, ಮನುಷ್ಯರಿಗೂ ಹಾಗೆ.

"ಅಂದ್ರೆ ಅವೂ ಒಳಗೆ ಕೂತ್ಕಂಡು ಕಿಲೀನ್ ಮಾಡ್ತವಾ?"

"ಹೂಂ ಅಮ್ಮಾ. ಹಗಲೂ ರಾತ್ರಿ."

"ಅವನ್ನ ನಾನು ದಿನಾ ಕೆರೆದು ಮೋರಿಗೆ ಹಾಕ್ತಿದ್ನಾ?"

ದುರ್ಗಮ್ಮ ತನ್ನ ಸುಣ್ಣದ ಕೈಯನ್ನು ಸ್ವಲ್ಪ ಹೊತ್ತು ನೋಡಿಕೊಂಡಳು. ಮೋರಿಯ ಕಡೆಗೆ ನೋಡಲಿಲ್ಲ.

ಪ್ರಾಜೆಕ್ಟ್ ಒಪ್ಪಿಸಲು ಇನ್ನು ಎರಡೇ ವಾರವಿತ್ತು. ಆಗಷ್ಟೇ ಕಡಿದ ಕುರಿಯ ಕರುಳನ್ನು ತೊಳೆಯದೆ, ಮುಟ್ಟದೆ, ನಿಂತ ಕಾಲಲ್ಲೇ ಕೆಡದಂತೆ ಇಡುವ ಔಷಧಿಯ ಬಾಟಲಿಗೆ ಹಾಕಬೇಕು. ಇಲ್ಲದಿದ್ದರೆ ಒಂದು ವರ್ಷ ಹಾಳು.

"ತೊಳೀದೆ ಕೊಟ್ಟೆ ಅಂತ ಊರಿಗೆ ಗೊತ್ತಾದ್ರೆ ನನ್ ಬಾಳು ಹಾಳು ಕಣವ್ವ" ಎಂದಳು ದುರ್ಗಮ್ಮ. ಆಮೇಲೆ ಹುಡುಗಿಯ ಮುಖ ನೋಡಿ, "ನಾಳೆ ಬಾ. ಹಿತ್ಲು ಬಾಗ್ಲಿಗೆ ಬಾ" ಎಂದಳು.

ಸೋಮವಾರ ಕೃತಿಕಾ ಬಾಟಲಿ ಹಿಡಿದು ಬಂದಳು. ದುರ್ಗಮ್ಮ ಹೊಲಸು ಕರುಳಿನ ಒಂದು ತುಂಡನ್ನು ಹೊಲಸಾಗಿಯೇ ಅದರೊಳಗೆ ಬಿಟ್ಟಳು. ಕದ್ದವಳ ಹಾಗೆ ಆಚೀಚೆ ಕಣ್ಣು ಹಾಯಿಸಿದಳು. ಯಾರೂ ನೋಡಲಿಲ್ಲ.

ಹದಿಮೂರನೆಯ ದಿನ ಹುಡುಗಿ ಅದೇ ಬಾಗಿಲಿಗೆ ತನ್ನ ಪ್ರಾಜೆಕ್ಟ್ ವರದಿಯ ಮೂರು ಪುಸ್ತಕ ತಂದಳು. ನೀಲಿ ರಟ್ಟು, ಒಳಗೆ ಬಣ್ಣದ ಫೋಟೋ. ಗುಳಿಯ ತಳದಲ್ಲಿ ಕೆಂಪು ಕಾಳುಗಳು, ಒತ್ತೊತ್ತಾಗಿ. ದುರ್ಗಮ್ಮ ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಅವಳಿಗೆ ಖುಷಿಯಾಯಿತು, ಅದನ್ನು ಮುಚ್ಚಿಡಲೂ ಇಲ್ಲ.

"ಮೊದಲನೇ ಹಾಳೆಯಲ್ಲಿ ನಿಮ್ಮ ಹೆಸರಿದೆ ಅಮ್ಮಾ" ಎಂದು ಕೃತಿಕಾ ಓದಿದಳು: "ತೊಳೆಯದ ಕರುಳನ್ನು ಒದಗಿಸಿದ ಶ್ರೀಮತಿ ದುರ್ಗಮ್ಮ, ಕಡೂರು, ಇವರಿಗೆ ಕೃತಜ್ಞತೆಗಳು."

ದುರ್ಗಮ್ಮನ ಮುಖ ಸಪ್ಪಗಾಯಿತು.

"ತೊಳೆಯದ ಅನ್ನೋದನ್ನ ಹೊಡೆದಾಕು."

"ಹೊಡೆದರೆ ಪ್ರಯೋಗಾನೇ ಸುಳ್ಳಾಗುತ್ತಮ್ಮ. ಯಾರೂ ನಂಬಲ್ಲ."

"ಯಾರ್ ಓದ್ತಾರೆ ಇದನ್ನ?"

"ಮೇಷ್ಟ್ರುಗಳು. ಲೈಬ್ರರಿಗೆ ಬರೋರು."

ಮೇಷ್ಟ್ರುಗಳಲ್ಲಿ ಇಬ್ಬರು ಭಾನುವಾರದ ಗಿರಾಕಿಗಳು. ದುರ್ಗಮ್ಮನಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ.

"ಹಂಗಾದ್ರೆ ನನ್ನೆಸ್ರು ಹೊಡೆದಾಕು."

ಕೃತಿಕಾ ಬೇಡವೆಂದಳು, ಬೇಡಿಕೊಂಡಳು. ಕೊನೆಗೆ ಪೆನ್ನು ತೆಗೆದಳು. ದುರ್ಗಮ್ಮ ಅವಳ ಕೈ ತಡೆದಳು.

"ತಡಿ. ಎಲ್ಲೈತೆ ತೋರ್ಸು."

ಓದು ಬರದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, ಹುಡುಗಿ ತೋರಿಸಿದ ಜಾಗದಲ್ಲಿ ಬೆರಳಿಟ್ಟು, ಒಂದೊಂದೇ ಅಕ್ಷರ ಸವರಿದಳು. ಮೂರು ಪುಸ್ತಕದಲ್ಲೂ ಸವರಿದಳು.

"ಚೆಂದಾಗೈತೆ" ಎಂದಳು. "ಈಗ ಹೊಡಿ."